ಗೌಂಡಿಯ ನಾಲ್ಕು ದಿನ

2010ರಲ್ಲಿ ನಾವೊಂದು ಕಥೆ ಬರೆದೆವು. ಅದರ ಹಿಂದಿನ ವರ್ಷ, 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದ ಊರೂರೇ ನೀರಾಗಿದ್ದವು. ಕಥೆ ಸರಳವಾದದ್ದು. ಭೀಮಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಒಬ್ಬ ವಿಧವೆಯ ಮನೆಗೋಡೆ ಬಿದ್ದಿದೆ. ಬೇರೆ ಊರಿನ, ಬೇರೆ ಧರ್ಮದ ಒಬ್ಬ ಗೌಂಡಿ ಕರಣೆ ಹಿಡಿದು ಬರುತ್ತಾನೆ. ನಾಲ್ಕು ದಿನ ಇದ್ದು ಗೋಡೆ ಎಬ್ಬಿಸುತ್ತಾನೆ, ಗಿಲಾವು ಮಾಡುತ್ತಾನೆ, ಹೆಸರು ಕೂಡ ಹೇಳದೆ ಹೊರಟುಹೋಗುತ್ತಾನೆ. ಕಥೆ ಅಚ್ಚಾದಾಗ ಓದುಗರಿಂದ ಮೆಚ್ಚುಗೆಯ ಪತ್ರಗಳು ಬಂದವು. ನಾವೂ ಖುಷಿಪಟ್ಟೆವು.

ನಮ್ಮ ಓಣಿಯಲ್ಲೊಬ್ಬರು ಗೌಂಡಿ ಕಾಕಾ ಇದ್ದರು. ಓದು ಅಷ್ಟಕ್ಕಷ್ಟೆ. ಪಿಯುಸಿ ಓದುತ್ತಿದ್ದ ಮಗಳಿಂದ ಕಥೆ ಓದಿಸಿಕೊಂಡು ಕೇಳಿದರಂತೆ. ಮರುದಿನ ಕಟ್ಟೆಯ ಮೇಲೆ ಸಿಕ್ಕಾಗ ಹೇಳಿದರು: "ತಮ್ಮಾ, ಕಥಿ ಛಲೋ ಅದ. ಆದ್ರ ನಿನ್ನ ಗೌಂಡಿ ಹಸಿ ಗ್ವಾಡಿಗಿ ಸಿಮಿಟ್ ಗಿಲಾವ್ ಹೊಡದಾನ. ಬ್ಯಾಸಗಿ ಬರೂದ್ರೊಳಗ ಉದರಿ ಬೀಳತದ." ನಾವು ನಕ್ಕೆವು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮತ್ತ ನಾಕ್ ದಿನ ಅಂವ ಅಲ್ಲೇ ಇದ್ದ. ಅಂವನ ಮನ್ಯಾಗ ಒಲಿ ಹ್ಯಾಂಗ ಹತ್ತಿತು?"

ಕನ್ನಡದಲ್ಲಿ ನಮ್ಮ ಕಥೆಗಳ ಬಗ್ಗೆ ಬಂದ ವಿಮರ್ಶೆ ಕಡಿಮೆ. ಬಂದದ್ದರಲ್ಲಿ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ. ಎರಡೇ ಮಾತಿನಲ್ಲಿ ಕಾಕಾ ನಮ್ಮ ಕಥೆಯ ಎರಡು ಸುಳ್ಳುಗಳನ್ನು ಹಿಡಿದಿದ್ದರು. ಒಂದು, ಕಥೆಗಾರನಿಗೆ ಕೆಲಸ ಗೊತ್ತಿಲ್ಲ. ಎರಡು, ಕಥೆಗಾರನಿಗೆ ಕೆಲಸಗಾರನ ಲೆಕ್ಕ ಗೊತ್ತಿಲ್ಲ. ಪ್ರಕೃತಿ ವಿಕೋಪದ ಬಗ್ಗೆ ನಾವು ಬರೆಯುವ ಕಥೆ, ತೆಗೆಯುವ ಸಿನಿಮಾ, ಪತ್ರಿಕೆಗಳಲ್ಲಿ ಓದುವ ವರದಿ ಎಲ್ಲದರಲ್ಲೂ ಈ ಎರಡು ಕೊರತೆಗಳಿವೆ ಎಂಬುದು ಅಂದಿನಿಂದ ನಮ್ಮನ್ನು ಕಾಡುತ್ತಿರುವ ವಿಚಾರ.

ನಾವು ಉರ್ದು ಶಾಲೆಯಲ್ಲಿ ಓದಿದವರು. ಕೃಷನ್ ಚಂದರ್ ಅವರ 'ಅನ್ನದಾತಾ' ನಮಗೆ ಹುಡುಗತನದಲ್ಲೇ ಸಿಕ್ಕಿತು. 1943ರ ಬಂಗಾಳದ ಕ್ಷಾಮದ ಮೇಲೆ ಬರೆದ ಕೃತಿ. ಅದರ ಮೊದಲ ಭಾಗದಲ್ಲಿ ವಿದೇಶಿ ರಾಯಭಾರಿಯೊಬ್ಬ ತನ್ನ ಸರಕಾರಕ್ಕೆ ಪತ್ರ ಬರೆಯುತ್ತಾನೆ. ಬೀದಿಯಲ್ಲಿ ಜನ ಸಾಯುತ್ತಿದ್ದಾರೆ, ಇವನ ಪತ್ರದಲ್ಲಿ ಅದು ಕ್ಷಾಮ ಹೌದೋ ಅಲ್ಲವೋ ಎಂಬ ಚರ್ಚೆ. ಕೊನೆಯ ಭಾಗದಲ್ಲಿ ಹಸಿವಿನಿಂದ ಸತ್ತವನೇ ಬಾಯಿ ತೆರೆದು ಮಾತಾಡುತ್ತಾನೆ. ದುರಂತವನ್ನು ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕೃಷನ್ ಚಂದರ್ ಕೃತಿಯ ಕಟ್ಟಿನಲ್ಲೇ ಎತ್ತಿದರು. ನಂತರ ಬಂದ ನಾವು ಆ ಪ್ರಶ್ನೆಯನ್ನು ಅರ್ಧಕ್ಕೇ ಬಿಟ್ಟೆವು. ನೋಡುವವನು ಸಿಕ್ಕ, ನರಳುವವನು ಸಿಕ್ಕ. ಇವರಿಬ್ಬರ ನಡುವೆ ಗುಂಡು ಇಳಿಬಿಟ್ಟು ಗೋಡೆ ನೇರ ಇದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವವನು ಸಿಗಲಿಲ್ಲ.

ಮಲಯಾಳದಲ್ಲಿ ತಕಳಿ ಶಿವಶಂಕರ ಪಿಳ್ಳೆಯವರ 'ವೆಳ್ಳಪ್ಪೊಕ್ಕತ್ತಿಲ್' ಎಂಬ ಕಥೆಯಿದೆ. ಕುಟ್ಟನಾಡಿನ ಪ್ರವಾಹದಲ್ಲಿ ಮನೆಯವರು ದೋಣಿ ಹತ್ತಿ ಹೋಗುತ್ತಾರೆ, ನಾಯಿ ಮಾಡಿನ ಮೇಲೆ ಉಳಿಯುತ್ತದೆ. ಮನೆ ಕಾಯುತ್ತಲೇ ಅದು ಪ್ರಾಣ ಬಿಡುತ್ತದೆ. ದೊಡ್ಡ ಕಥೆ. ಅದರಲ್ಲಿ ಕೊರತೆ ಹುಡುಕುವ ಯೋಗ್ಯತೆ ನಮಗಿಲ್ಲ. ಆದರೆ ಅದೇ ಕುಟ್ಟನಾಡು 2018ರ ಆಗಸ್ಟ್‌ನಲ್ಲಿ ಮತ್ತೆ ಮುಳುಗಿತು. ಕೇರಳದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಆ ಪ್ರವಾಹದ ಮೇಲೆ ಜೂಡ್ ಆಂಥನಿ ಜೋಸೆಫ್ ನಿರ್ದೇಶಿಸಿದ '2018' ಚಿತ್ರ 2023ರಲ್ಲಿ ಬಂತು. ಜನ ಮುಗಿಬಿದ್ದು ನೋಡಿದರು. ಭಾರತದ ಪರವಾಗಿ ಆಸ್ಕರ್‌ಗೂ ಅದನ್ನೇ ಕಳಿಸಿದರು. ಪ್ರತಿಯೊಬ್ಬರೂ ಹೀರೋ ಎಂಬುದು ಚಿತ್ರದ ಹೆಸರಿನ ಜೊತೆಗೇ ಬರುವ ಮಾತು.

ಚಿತ್ರ ನಮ್ಮನ್ನೂ ಅಳಿಸಿತು, ಅದನ್ನು ಮುಚ್ಚಿಡುವುದಿಲ್ಲ. ಕಡಲ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿಕೊಂಡು ಒಳನಾಡಿಗೆ ಬರುವ ದೃಶ್ಯದಲ್ಲಿ ಯಾರ ಗಂಟಲಾದರೂ ಕಟ್ಟುತ್ತದೆ. ಅದು ಕಲ್ಪನೆಯಲ್ಲ. ಆ ದಿನಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮೀನುಗಾರರು ಆರುನೂರಕ್ಕೂ ಮಿಕ್ಕಿ ದೋಣಿಗಳಲ್ಲಿ ಹತ್ತಾರು ಸಾವಿರ ಜನರನ್ನು ಎತ್ತಿ ತಂದರು. ಒಂದು ಕಸುಬಿನ ಜನ ತಮ್ಮ ಕಸುಬಿನ ಕಸುವನ್ನೇ ದಾನ ಮಾಡಿದ ಪ್ರಸಂಗ ಇದು. ಅಷ್ಟರಮಟ್ಟಿಗೆ ಈ ಚಿತ್ರ ನಮ್ಮ ಕಥೆಗಿಂತ ಎಷ್ಟೋ ಮೇಲು. ಅಲ್ಲಿ ದೋಣಿ ಓಡಿಸುವವರಿಗೆ ದೋಣಿ ಓಡಿಸಲು ಬರುತ್ತದೆ.

ಆದರೂ ಚಿತ್ರದ ಉಸಿರೆಲ್ಲ ರಕ್ಷಣೆಯ ಸುತ್ತಲೇ ಇದೆ. ನೀರು ಏರುವಾಗ ಕಥೆ ಏರುತ್ತದೆ, ನೀರು ಇಳಿದಾಗ ಕಥೆ ಮುಗಿಯುತ್ತದೆ. ನೀರು ಇಳಿದ ಮೇಲೆ ಮನೆಯ ಬಾಗಿಲು ತೆರೆದವರಿಗೆ ಗೊತ್ತು, ಕಥೆ ಅಲ್ಲಿಂದ ಶುರುವಾಗುತ್ತದೆ ಎಂದು. ಮೊದಲಿಗೆ ಬಾಗಿಲೇ ತೆರೆಯುವುದಿಲ್ಲ. ನೀರು ಕುಡಿದ ಹಲಗೆ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ಒಳಗೆ ಮೊಣಕಾಲುದ್ದ ಕೆಸರು. ಸ್ವಿಚ್ ಬೋರ್ಡಿನೊಳಗೆ ಮಣ್ಣು. ಬಾವಿಯಲ್ಲಿ ಸತ್ತ ಕೋಳಿ. ಮೋಟರಿನ ಸುರುಳಿಯೊಳಗೆ ನೀರು.

2018ರ ಆಗಸ್ಟ್ ಕೊನೆಯ ವಾರ ಕುಟ್ಟನಾಡಿನಲ್ಲಿ ಮನೆ ತೊಳೆಯಲು ಹತ್ತಾರು ಸಾವಿರ ಸ್ವಯಂಸೇವಕರು ಬಂದರು. ಕೆಸರು ಎತ್ತಲು, ನೀರು ಹೊಡೆಯಲು ಯಾರಾದರೂ ಸೈ. ಆದರೆ ತೊಳೆದ ಮನೆಯಲ್ಲಿ ದೀಪ ಹಚ್ಚಲು ಯಾರಾದರೂ ಸೈ ಅಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ನೇ ಬೇಕು. ಅಂಥವರೂ ಬಂದರು. ಪ್ಲಂಬರ್‌ಗಳು, ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು, ಹಾವು ಹಿಡಿಯುವವರು ಕೂಡ ಆ ಗುಂಪಿನಲ್ಲಿದ್ದರು. ರಾಜ್ಯದ ಐಟಿಐಗಳ ವಿದ್ಯಾರ್ಥಿಗಳೂ ಮಾಸ್ತರರೂ 'ನೈಪುಣ್ಯ ಕರ್ಮಸೇನೆ' ಎಂಬ ಹೆಸರಿನಲ್ಲಿ ತಂಡ ಕಟ್ಟಿಕೊಂಡು ಮನೆಮನೆಗೆ ಹೋಗಿ ವೈರಿಂಗ್, ನಲ್ಲಿ, ಮರಗೆಲಸ ಸರಿಮಾಡಿಕೊಟ್ಟರು. ಹದಿನೆಂಟು ಇಪ್ಪತ್ತರ ಹುಡುಗರು. ಡಿಗ್ರಿ ಕಾಲೇಜಿಗೆ ಹೋದವರ ಮುಂದೆ ಐಟಿಐ ಎಂದು ಹೇಳಿಕೊಳ್ಳಲು ಸಂಕೋಚಪಡುವ ಹುಡುಗರು ನಮ್ಮ ಕಡೆಯೂ ಇದ್ದಾರೆ. ಆ ವಾರ ಕುಟ್ಟನಾಡಿನಲ್ಲಿ ಅವರಿಗಿಂತ ಬೇಕಾದವರು ಬೇರೆ ಯಾರೂ ಇರಲಿಲ್ಲ.

ಈ ಕೆಲಸ ಸಿನಿಮಾದಲ್ಲಿ ಬರುವುದಿಲ್ಲ ಏಕೆ? ಅದು ನಿಧಾನದ ಕೆಲಸ, ತಾಳ್ಮೆಯ ಕೆಲಸ. ಉಬ್ಬಿದ ಬಾಗಿಲನ್ನೇ ತೆಗೆದುಕೊಳ್ಳಿ. ಕೆಲಸ ಅರಿಯದವನು ಆವೇಶದಿಂದ ಬಂದರೆ ಅವತ್ತೇ ಉಜ್ಜುಗೊರಡು ಹಾಕಿ ಕೆತ್ತಿ ಬಾಗಿಲು ಕೂಡಿಸಿ, ಮನೆಯವರ ಕೈ ಮುಗಿಸಿಕೊಂಡು ಹೋಗುತ್ತಾನೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು. ಬಲ್ಲ ಬಡಗಿ ಬಾಗಿಲು ಕಳಚಿ ನೆರಳಿನಲ್ಲಿ ಒರಗಿಸಿಟ್ಟು, "ಇದು ಒಣಗಲಿ, ಮತ್ತೆ ಬರ್ತೀನಿ" ಎಂದು ಎದ್ದುಹೋಗುತ್ತಾನೆ. ನೋಡಿದವರಿಗೆ ಅವನು ಏನೂ ಮಾಡಲಿಲ್ಲ ಎನಿಸುತ್ತದೆ. ಗೋಡೆಯ ಮಾತೂ ಅದೇ. ಹಸಿ ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ನೀರು ಒಳಗೇ ಉಳಿದು ಗೋಡೆ ಒಳಗಿಂದ ಕೊಳೆಯುತ್ತದೆ. ನಮ್ಮ ಕಥೆಯ ಗೌಂಡಿ ಮಾಡಿದ್ದು ಇದನ್ನೇ. ನಾಲ್ಕು ದಿನದಲ್ಲಿ ಕಥೆ ಮುಗಿಯಬೇಕಿತ್ತು ನಮಗೆ, ಗೋಡೆ ಒಣಗಬೇಕಿತ್ತು ವಿಧವೆಗೆ. ನಾವು ಕಥೆಯ ಕಡೆ ವಾಲಿದೆವು.

ಕಾಕಾನ ಅನುಭವ ಬೇರೆ ಕಡೆಯದು. ನಮ್ಮ ಊರು ಆಳಂದದ ಕಡೆ. ಅಲ್ಲಿಂದ ಗಡಿ ದಾಟಿ ಉಮರ್ಗಾದ ಮೇಲೆ ಹೋದರೆ ಕಿಲ್ಲಾರಿ. 1956ರವರೆಗೆ ಮರಾಠವಾಡವೂ ನಾವೂ ಒಂದೇ ಹೈದರಾಬಾದ್ ಸೀಮೆಯಲ್ಲಿದ್ದವರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ, ಮನೆ ಕಟ್ಟುವ ರೀತಿಯೂ ಹೆಚ್ಚು ಕಡಿಮೆ ಒಂದೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ದಣಿದು ಮಲಗಿದ್ದ ಹೊತ್ತಿಗೆ, ಭೂಮಿ ನಡುಗಿತು. ನಾವಾಗ ಶಾಲೆಯ ಹುಡುಗರು. ನಮ್ಮ ಊರಲ್ಲೂ ಪಾತ್ರೆಗಳು ಸದ್ದು ಮಾಡಿದ್ದು, ಅಮ್ಮಿ ನಮ್ಮನ್ನು ಎಳೆದುಕೊಂಡು ಅಂಗಳಕ್ಕೆ ಓಡಿದ್ದು ನೆನಪಿದೆ. ಕಿಲ್ಲಾರಿ, ಸಾಸ್ತೂರುಗಳ ಸುತ್ತ ಸತ್ತವರು ಸುಮಾರು ಎಂಟು ಸಾವಿರ ಎಂದು ಆಮೇಲೆ ಸರಕಾರಿ ಲೆಕ್ಕ ಬಂತು. ಅಷ್ಟೇನೂ ದೊಡ್ಡ ಕಂಪನವಲ್ಲ, 6.2ರ ಪ್ರಮಾಣದ್ದು. ಕೊಂದದ್ದು ಗೋಡೆಗಳು, ಮಾಳಿಗೆಯ ಮಣ್ಣು.

ಸುದ್ದಿ ಬಂದ ದಿನ ಕಾಕಾ ಓಣಿಯ ಹುಡುಗರ ಜೊತೆ ಲಾರಿ ಹತ್ತಿದರು. ಹಾರೆ, ಗುದ್ದಲಿ, ಬುಟ್ಟಿ ಒಯ್ದರು, ಕರಣೆ ಒಯ್ಯಲಿಲ್ಲ. ಅವತ್ತು ಬೇಕಾದದ್ದು ಮಣ್ಣಿನೊಳಗಿಂದ ಹೆಣ ತೆಗೆಯುವ ಕೈಗಳು. ಅಲ್ಲಿ ಗೌಂಡಿಯ ಕಣ್ಣಿಗೆ ಬಿದ್ದದ್ದನ್ನು ಅವರು ವರ್ಷಗಳ ನಂತರವೂ ಹೇಳುತ್ತಿದ್ದರು. ಗೋಡೆಗಳು ಬುಡಸಮೇತ ಉರುಳಿರಲಿಲ್ಲ, ಸೀಳಿದ್ದವು. ಒಳಮುಖದ ಕಲ್ಲಿನ ಸಾಲು ಒಂದು ಕಡೆಗೆ, ಹೊರಮುಖದ ಸಾಲು ಇನ್ನೊಂದು ಕಡೆಗೆ. ನಡುವೆ ತುಂಬಿದ್ದ ಚೂರುಗಲ್ಲು, ಮಣ್ಣು ಅನ್ನದಂತೆ ಸುರಿದಿತ್ತು. ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದ ಕಲ್ಲನ್ನು ಅಲ್ಲಲ್ಲಿ ಇಟ್ಟಿದ್ದರೆ ಎರಡೂ ಸಾಲು ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದವು. ಉದ್ದ ಕಲ್ಲಿಗೆ ದುಡ್ಡು ಹೆಚ್ಚು, ಹೊತ್ತೂ ಹೆಚ್ಚು. "ನಾವೂ ಹಂಗೇ ಕಟ್ಟತಿದ್ವಿ ತಮ್ಮಾ" ಎಂದರು ಒಮ್ಮೆ. ಊರಿಗೆ ಮರಳಿದ ಮೇಲೆ ಅಂಥ ಕಲ್ಲು ಇಲ್ಲದೆ ಅವರು ಗೋಡೆ ಎಬ್ಬಿಸಲಿಲ್ಲ. ಮಾಲೀಕರು ಹಣ ಕೊಡಲು ಒಪ್ಪದಿದ್ದರೆ ಆ ಕೆಲಸವನ್ನೇ ಬಿಟ್ಟರು.

ಕಿಲ್ಲಾರಿಯಲ್ಲಿ ಆಮೇಲೆ ನಡೆದದ್ದು ವಿಮರ್ಶಕರು ಓದಬೇಕಾದ ಒಂದು ಪಾಠ. ತೀರಾ ಹಾಳಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಒಯ್ದು ಹೊಸದಾಗಿ ಕಟ್ಟಿದರು. ಅಗಲ ರಸ್ತೆ, ಗೆರೆ ಕೊರೆದಂತೆ ಸಾಲು ಮನೆ. ಬಹುಪಾಲು ಗುತ್ತಿಗೆದಾರರ ಕೆಲಸ. ದನ ಎಲ್ಲಿ ಕಟ್ಟಬೇಕು, ಜೋಳದ ಕಣಿಕೆ ಎಲ್ಲಿ ಒಟ್ಟಬೇಕು, ಅಕ್ಕತಂಗಿಯರು ಎಲ್ಲಿ ಕೂತು ಮಾತಾಡಬೇಕು ಎಂದು ನಕ್ಷೆಗೆ ತಿಳಿಯದು. ಅಷ್ಟು ಹಾಳಾಗದ ಹಳ್ಳಿಗಳಲ್ಲಿ ಮಾತ್ರ ಬೇರೆ ದಾರಿ ಹಿಡಿದರು. ಮನೆಯವರ ಕೈಗೇ ನೆರವು ಕೊಟ್ಟು, ಇದ್ದ ಮನೆಯನ್ನೇ ಗಟ್ಟಿಮಾಡಿಕೊಳ್ಳಿ ಎಂದರು. ನಿಂತ ಗೋಡೆಗೆ ಅಲ್ಲಲ್ಲಿ ತೂತು ಕೊರೆದು, ಕಬ್ಬಿಣದ ಸರಳು ಇಳಿಸಿ ಕಾಂಕ್ರೀಟು ತುಂಬಿ, ಹಿಂದಿನವರು ಇಡದೆ ಬಿಟ್ಟ ಆ ಹಾಯುವ ಕಲ್ಲನ್ನು ಈಗ ಇಟ್ಟ ಹಾಗೆ ಮಾಡುವುದು, ಮಾಳಿಗೆಯ ಮಣ್ಣಿನ ಭಾರ ಇಳಿಸುವುದು, ಹೀಗೆ. ಮನೆಯವರಿಗೂ ಎಂಜಿನಿಯರರಿಗೂ ಗೌಂಡಿಗಳಿಗೂ ನಡುವೆ ಓಡಾಡಲು 'ಸಂವಾದ ಸಹಾಯಕ'ರೆಂದು ಹಳ್ಳಿಯ ಹೆಂಗಸರನ್ನೇ ನೇಮಿಸಿದರು. ಪ್ರೇಮಾ ಗೋಪಾಲನ್ ಅವರ 'ಸ್ವಯಂ ಶಿಕ್ಷಣ ಪ್ರಯೋಗ' ಸಂಸ್ಥೆ ಈ ಕೆಲಸವನ್ನು ಕಟ್ಟಿ ನಿಲ್ಲಿಸಿತು. ಮಣ್ಣಿಗೆ ಸಿಮೆಂಟು ಎಷ್ಟು, ಸರಳು ಎಷ್ಟು ಎಂದು ಗುತ್ತಿಗೆದಾರನ ಮುಖ ನೋಡಿ ಕೇಳುವ ಹೆಂಗಸರು ಆ ಸೀಮೆಯಲ್ಲಿ ತಯಾರಾದರು.

2001ರ ಜನವರಿ 26ರಂದು ಕಛ್ ನಡುಗಿತು. ಗುಜರಾತಿನಲ್ಲಿ 13,800ರಷ್ಟು ಜನ ಸತ್ತರು. ಆಗ ಲಾತೂರಿನ ಕಡೆಯ ಈ ಹೆಂಗಸರು, ಜೊತೆಗೆ ಗೌಂಡಿಗಳು ರೈಲು ಹತ್ತಿ ಅಲ್ಲಿಗೆ ಹೋದರು. ಕಂಬಳಿ, ಅಕ್ಕಿ ಒಯ್ದವರು ಬಹಳ. ಇವರು ಒಯ್ದದ್ದು ಎಂಟು ವರ್ಷದ ಅನುಭವ. ಮನೆ ಕಳೆದುಕೊಂಡವಳ ಪಕ್ಕ ಮನೆ ಕಳೆದುಕೊಂಡು ಮತ್ತೆ ಕಟ್ಟಿದವಳು ಕೂತು ಮಾತಾಡುವುದು ಯಾವ ಭಾಷಣಕ್ಕೂ ಮೀರಿದ್ದು. ಅದೇ ಕಾಲಕ್ಕೆ ನೇಪಾಳದಿಂದ ಗೌಂಡಿಗಳು ಪಾಟಣ್ ಜಿಲ್ಲೆಯ ಪಟಂಕಾ ಎಂಬ ಹಳ್ಳಿಗೆ ಬಂದು, ಭೂಕಂಪಕ್ಕೆ ತಡೆಯುವ ಗೋಡೆ ಹೇಗೆ ಕಟ್ಟಬೇಕೆಂದು ಅಲ್ಲಿಯ ಗೌಂಡಿಗಳಿಗೆ ಕೈಯಲ್ಲಿ ಮಾಡಿ ತೋರಿಸಿದರು. ಭಾಷೆ ಬೇರೆ, ಆದರೆ ಮೂಲೆಯಲ್ಲಿ ಸರಳು ಬಗ್ಗಿಸುವುದನ್ನು ತೋರಿಸಲು ಭಾಷೆ ಎಷ್ಟು ಬೇಕು? 2005ರಲ್ಲಿ ಕಾಶ್ಮೀರ ನಡುಗಿದಾಗ ಗುಜರಾತಿನ ಗೌಂಡಿಗಳು ಅಲ್ಲಿಗೆ ಹೊರಟರು.

ಕಾಶ್ಮೀರದ ಮಾತು ಬಂದರೆ ಒಂದು ಶಬ್ದದ ಬಗ್ಗೆ ಹೇಳದೆ ಮುಂದೆ ಹೋಗಲಾರೆವು. ಉರ್ದುವಿನಲ್ಲಿ 'ಧಜ್ಜಿ' ಎಂದರೆ ಬಟ್ಟೆಯ ಚೂರು, ಚಿಂದಿ. ಒಬ್ಬನ ವಾದವನ್ನು ಚಿಂದಿ ಚಿಂದಿ ಮಾಡಿದರೆ ಧಜ್ಜಿಯಾಂ ಉಡಾಯಿಸಿದ ಎನ್ನುತ್ತೇವೆ. ಕಾಶ್ಮೀರದಲ್ಲಿ ಗೋಡೆ ಕಟ್ಟುವ ಒಂದು ಹಳೆಯ ರೀತಿಗೆ 'ಧಜ್ಜಿ ದಿವಾರಿ' ಎಂದು ಹೆಸರು. ಮರದ ಪಟ್ಟಿಗಳನ್ನು ನೆಟ್ಟಗೆ, ಅಡ್ಡ, ಓರೆಯಾಗಿ ಕೂಡಿಸಿ ಚಿಕ್ಕ ಚಿಕ್ಕ ಕಣ್ಣು ಮಾಡಿ, ಅವುಗಳಲ್ಲಿ ಕಲ್ಲು ಮಣ್ಣು ತುಂಬುವುದು. ನೋಡಲು ಕೌದಿಯ ಹಾಗೆ. ಭೂಮಿ ಅಲುಗಿದಾಗ ಆ ಗೋಡೆ ಕಿರುಗುಟ್ಟುತ್ತದೆ, ಬಿರುಕು ಬಿಡುತ್ತದೆ, ಬೀಳುವುದು ಕಡಿಮೆ. 2005ರ ಅಕ್ಟೋಬರ್ 8ರಂದು ಗಡಿಯ ಆಚೆಗೆ 73,000ಕ್ಕೂ ಮಿಕ್ಕಿ, ಈಚೆಗೆ ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಪಾಕಿಸ್ತಾನದ ಕಡೆ ಮೊದಲಿಗೆ ಸರಕಾರ ಒಪ್ಪಿದ ನಕ್ಷೆಗಳಲ್ಲಿ ಧಜ್ಜಿ ಇರಲಿಲ್ಲ. ಚಳಿ ಕಾಯುವುದಿಲ್ಲವಲ್ಲ, ಜನ ತಮ್ಮ ಬಡಗಿಗಳನ್ನು ಕರೆದು ಬಿದ್ದ ಮನೆಯ ಮರವನ್ನೇ ಆಯ್ದು ಧಜ್ಜಿ ಕಟ್ಟತೊಡಗಿದರು. ಎಂಜಿನಿಯರರು ನೋಡಿ, ಪರೀಕ್ಷಿಸಿ, ಆಮೇಲೆ ಒಪ್ಪಿಗೆ ಕೊಟ್ಟರು. ಬಡಗಿಯ ಕೈಗೆ ಗೊತ್ತಿದ್ದದ್ದು ಕಾಗದಕ್ಕೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು.

ಇವರೆಲ್ಲ ಪುಕ್ಕಟೆ ದುಡಿದರು ಎಂದು ನಾವು ಹೇಳುತ್ತಿಲ್ಲ. ಕಲಿಸಲು ಹೋದ ಗೌಂಡಿಗೆ ಪಗಾರ ಸಿಕ್ಕಿದ್ದರೆ ಅದು ನ್ಯಾಯವೇ. ನಾವು ಹೇಳುವುದು, ಒಂದು ನಾಡಿನ ಗೋಡೆ ಬಿದ್ದಾಗ ಇನ್ನೊಂದು ನಾಡಿನ ಗೌಂಡಿ ತನ್ನ ಊರು, ತನ್ನ ಸೀಸನ್ನು, ತನ್ನ ಗಿರಾಕಿ ಬಿಟ್ಟು ಹೊರಡುವ ಈ ದಾರಿ ನಮ್ಮ ಕಾಲದ ಒಂದು ದೊಡ್ಡ ಕಥೆ. ಇದು ಯಾವ ಕಾದಂಬರಿಯಲ್ಲೂ ನಮಗೆ ಸಿಕ್ಕಿಲ್ಲ. ಆ ಕಥೆಯಲ್ಲಿ ದುಃಖದ ತಿರುವೂ ಇದೆ. 2015ರ ಏಪ್ರಿಲ್‌ನಲ್ಲಿ ನೇಪಾಳವೇ ನಡುಗಿ ಸುಮಾರು 9,000 ಜನ ಸತ್ತಾಗ, ಮನೆ ಕಟ್ಟಲು ಗೌಂಡಿಗಳು ಸಾಲದಾದರು. ಕಟ್ಟಬಲ್ಲ ವಯಸ್ಸಿನ ಹುಡುಗರು ಕತಾರಿನಲ್ಲಿ, ದುಬೈಯಲ್ಲಿ, ಮಲೇಷಿಯಾದಲ್ಲಿ ಬೇರೆಯವರ ಗೋಪುರ ಕಟ್ಟುತ್ತಿದ್ದರು. ಗಲ್ಫಿಗೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮಲ್ಲೂ ಕಡಿಮೆಯೇ?

ಹಾಗಾದರೆ ನಮ್ಮ ಭಾಷೆಗೆ ಕಸುಬಿನವನು ಅಪರಿಚಿತನೇ? ಖಂಡಿತ ಅಲ್ಲ. ಕನ್ನಡದಲ್ಲಿ ಹನ್ನೆರಡನೇ ಶತಮಾನದಲ್ಲೇ ಕಸುಬಿನವರು ತಮ್ಮ ಕಸುಬಿನ ಹೆಸರು ಹೊತ್ತು ಮಾತಾಡಿದರು. ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಬುಟ್ಟಿ ಹೆಣೆಯುವವನಿಗೆ, ಬಟ್ಟೆ ಒಗೆಯುವವನಿಗೆ, ದೋಣಿ ನಡೆಸುವವನಿಗೆ, ಹಗ್ಗ ಹೊಸೆಯುವವನಿಗೆ ಲೋಕದ ಬಗ್ಗೆ ಹೇಳಲು ಇತ್ತು, ಹೇಳುವ ಮಾತು ಅವರವರ ಕೆಲಸದೊಳಗಿಂದಲೇ ಬರುತ್ತಿತ್ತು. ಉರ್ದುವಿನಲ್ಲಿ ಪಾಠ ಹೇಳುವವನೂ ಉಸ್ತಾದ್, ಸಿತಾರ ನುಡಿಸುವವನೂ ಉಸ್ತಾದ್, ಗೋಡೆ ಕಟ್ಟುವವನೂ ಉಸ್ತಾದ್. ಎರಡು ಭಾಷೆಗಳ ಈ ಆಸ್ತಿ ಕೈಯಲ್ಲಿದ್ದೂ, ಗೌಂಡಿಯನ್ನು ಕಥೆಗೆ ತಂದಾಗ ನಾವು ಅವನ ಬಾಯಿ ಕಟ್ಟಿದೆವು. ಕೈಗೆ ಕರಣೆ ಕೊಟ್ಟೆವು, ತಲೆಯೊಳಗೆ ಏನೂ ಇಡಲಿಲ್ಲ.

ನಮ್ಮ ಕಥೆಗಳಿಗೂ ನಮ್ಮ ಸಮಾಜಕ್ಕೂ ಇರುವ ನಂಟು ಇಲ್ಲಿ ಕಾಣುತ್ತದೆ. 2009ರ ನೆರೆಯ ನಂತರ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಮನೆಗಳು ಎದ್ದವು. ಅನೇಕ ಕಡೆ ದಾನಿಯ ಹೆಸರಿನ ಕಲ್ಲು ಗಟ್ಟಿಯಾಗಿ ನಿಂತಿತು, ಮನೆಗೆ ಮಾತ್ರ ಜನ ಬರಲಿಲ್ಲ. ದನಕ್ಕೆ ಜಾಗವಿಲ್ಲ, ಹೊಲ ದೂರ ಎಂದು ಎಷ್ಟೋ ಜನ ಹಳೆಯ ಊರಿಗೇ ಮರಳಿದರು. ದಾನಿಗಳ ಮನಸ್ಸನ್ನು ನಾವು ಹೀಗಳೆಯುವುದಿಲ್ಲ. ಆದರೆ ಕಲ್ಲಿನ ಮೇಲೆ ಹಣ ಕೊಟ್ಟವರ ಹೆಸರಿತ್ತು, ಉದ್ಘಾಟಿಸಿದವರ ಹೆಸರಿತ್ತು. ಕಟ್ಟಿದವರ ಹೆಸರು ನಾವು ನೋಡಿದ ಒಂದು ಕಲ್ಲಿನ ಮೇಲೂ ಇರಲಿಲ್ಲ.

ಇದನ್ನು ದೂರುವ ಹಕ್ಕು ನಮಗೆಷ್ಟಿದೆ ಎಂಬುದನ್ನೂ ಹೇಳಬೇಕು. ಅದೇ ನೆರೆಯ ಹೊತ್ತಿಗೆ ನಮ್ಮ ಊರಲ್ಲಿ ಹಿರಿಯರೆಲ್ಲ ಸೇರಿ ಒಂದು ಪರಿಹಾರ ಸಮಿತಿ ಮಾಡಿದ್ದರು. ಅಕ್ಷರ ದುಂಡಗಿದೆ ಎಂದು ರಸೀದಿ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟರು. ನೂರು, ಐನೂರು, ಸಾವಿರ ಎಂದು ಬರೆದು ಹರಿದು ಕೊಡುತ್ತಿದ್ದೆವು. ಸಂಜೆ ಹೊತ್ತಿಗೆ ಕಾಕಾ ಬಂದರು. ಕೈಯಲ್ಲಿ ಚೀಲ, ಚೀಲದಲ್ಲಿ ಕರಣೆ, ಗುಂಡು, ನೀರಿನ ಪೈಪು. "ರೊಕ್ಕ ಇಲ್ಲ ತಮ್ಮಾ. ನಾಕ್ ದಿನ ನಂದು ಬರಕೋ" ಎಂದರು. ರಸೀದಿಯಲ್ಲಿ ರೂಪಾಯಿ ಎಂದು ಅಚ್ಚಾಗಿತ್ತು. ನಾಲ್ಕು ದಿನವನ್ನು ಎಲ್ಲಿ ಬರೆಯಬೇಕೆಂದು ನಮಗೆ ತಿಳಿಯಲಿಲ್ಲ. "ಇರಲಿ ಬಿಡ್ರಿ ಕಾಕಾ, ಲಾರಿ ಹೊಂಟಾಗ ಹೇಳ್ತೀವಿ" ಎಂದೆವು. ಅವರು ಹೋದರು, ನಾಲ್ಕು ದಿನ ದುಡಿದರು, ಬಂದರು. ಕೊನೆಗೆ ಸಮಿತಿಯವರು ದಾನಿಗಳ ಪಟ್ಟಿ ಬರೆಸಿ ಹಾಕಿದ ಬೋರ್ಡಿನಲ್ಲಿ ಅವರ ಹೆಸರು ಇರಲಿಲ್ಲ. ರಸೀದಿ ಇಲ್ಲದವರ ಹೆಸರು ಬೋರ್ಡಿಗೆ ಹೇಗೆ ಬಂದೀತು?

ಮರುವರ್ಷ ನಾವು ಬರೆದ ಕಥೆಯ ನಾಲ್ಕು ದಿನ ಎಲ್ಲಿಂದ ಬಂತೆಂದು ಓದುಗರಿಗೆ ಈಗ ಗೊತ್ತಾಗಿರಬೇಕು. ಹೆಸರು ಹೇಳದೆ ಹೋದ ಎಂದು ಬರೆದು ನಾವು ಬೀಗಿದ್ದೆವು. ನಿಜ ಏನೆಂದರೆ, ಹೆಸರು ಬರೆದುಕೊಳ್ಳಬೇಕಿದ್ದ ಪುಸ್ತಕ ನಮ್ಮ ಕೈಯಲ್ಲೇ ಇತ್ತು, ನಾವು ಬರೆದುಕೊಳ್ಳಲಿಲ್ಲ. ನಮ್ಮ ತಪ್ಪನ್ನು ಅವನ ದೊಡ್ಡತನ ಮಾಡಿ ಕಥೆ ಕಟ್ಟಿದೆವು. ಒಲೆ ಹೇಗೆ ಹತ್ತಿತು ಎಂದು ಕಾಕಾ ಕೇಳಿದ್ದು ಕಥೆಯೊಳಗಿನ ಗೌಂಡಿಯ ಬಗ್ಗೆ ಮಾತ್ರ ಅಲ್ಲ ಎಂಬುದು ನಮಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಆ ನಾಲ್ಕು ದಿನ ಅವರ ಮನೆಯಲ್ಲಿ ಕಿರಾಣಿ ಅಂಗಡಿಯ ಉದ್ರಿ ನಡೆದಿತ್ತು. ಅದನ್ನು ಹೇಳಿದವರು ಕಾಕಾ ಅಲ್ಲ, ಅವರ ಮಗಳು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಒಳ್ಳೆಯ ಕೆಲಸಕ್ಕೆ ಕೂಲಿಯ ಲೆಕ್ಕ ಹಾಕುವುದು ಅದರ ಪುಣ್ಯವನ್ನೇ ಕೆಡಿಸಿದಂತಲ್ಲವೇ? ಮನಸಾರೆ ಕೊಟ್ಟವನ ಮುಂದೆ ಲೆಕ್ಕದ ಪುಸ್ತಕ ತೆರೆದರೆ ಅವನಿಗೇ ನೋವಾಗುವುದಿಲ್ಲವೇ? ಮಾತು ಸುಳ್ಳಲ್ಲ. ಪಗಾರ ಕೊಡಲು ಹೋಗಿದ್ದರೆ ಕಾಕಾ ಖಂಡಿತ ಬೈಯುತ್ತಿದ್ದರು. ಆದರೆ ಲೆಕ್ಕ ಕೊಟ್ಟವನು ಇಡುವುದಲ್ಲ, ಪಡೆದವರೂ ನೋಡಿದವರೂ ಬರೆದವರೂ ಇಡುವುದು. ಸಾವಿರ ರೂಪಾಯಿ ಕೊಟ್ಟವನ ಸಾವಿರ ಎಷ್ಟು ದೊಡ್ಡದೆಂದು ಊರಿಗೆಲ್ಲ ಗೊತ್ತಾಗುತ್ತದೆ. ದಿನಗೂಲಿಯವನು ಕೊಟ್ಟ ನಾಲ್ಕು ದಿನ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಅವನ ದಿನದ ಕೂಲಿ ತಿಳಿದಿರಬೇಕು, ಅವನ ಮನೆಯಲ್ಲಿ ಉಣ್ಣುವವರೆಷ್ಟು ಎಂದು ತಿಳಿದಿರಬೇಕು. ಲೆಕ್ಕ ಗೊತ್ತಿಲ್ಲದವನಿಗೆ ತ್ಯಾಗದ ಅಳತೆ ಗೊತ್ತಾಗುವುದಿಲ್ಲ. ಅವನು ಬರೀ ಹೊಗಳುತ್ತಾನೆ.

ಹೊಗಳಿಕೆಗೆ ಇನ್ನೊಂದು ಅಪಾಯವೂ ಇದೆ. ಶ್ರಮದಾನ ಎಂಬ ಒಳ್ಳೆಯ ಮಾತು ನಮ್ಮಲ್ಲಿ ಬಳಕೆಯಾಗುವ ರೀತಿ ನೋಡಿ. ಒಂದು ಕಟ್ಟಡಕ್ಕೆ ನಕ್ಷೆ ಬರೆದವರಿಗೆ ಫೀಸು, ಸಿಮೆಂಟಿನವರಿಗೆ ಬಿಲ್ಲು, ಲಾರಿಯವರಿಗೆ ಬಾಡಿಗೆ. ಗೌಂಡಿ ಬಂದಾಗ ಮಾತ್ರ "ಸೇವೆ ಅಂತ ತಿಳ್ಕೊಳ್ಳಿ" ಎಂಬ ಉಪದೇಶ. ತಾನಾಗಿ ಕೊಡುವುದು ದಾನ. ಎಲ್ಲರೂ ತಮ್ಮ ಪಾಲು ಪಡೆದು ಒಬ್ಬನಿಂದ ಮಾತ್ರ ಬಯಸುವುದಕ್ಕೆ ಬೇರೆ ಹೆಸರಿದೆ. ಗೌಂಡಿಯನ್ನು ಹಸಿವಿಲ್ಲದ ದೇವದೂತನನ್ನಾಗಿ ಮಾಡಿ ಬರೆಯುವ ಕಥೆಗಳು, ನಮ್ಮದೂ ಸೇರಿ, ಗೊತ್ತಿಲ್ಲದೆಯೇ ಈ ಉಪದೇಶಕ್ಕೆ ಬೆಂಬಲವಾಗಿ ನಿಲ್ಲುತ್ತವೆ.

ಹಾಗಾದರೆ ನೆರೆಯ ಮೇಲೆ, ಭೂಕಂಪದ ಮೇಲೆ, ಗುಡ್ಡ ಕುಸಿತದ ಮೇಲೆ ಬರುವ ಬರಹವನ್ನು ವಿಮರ್ಶಕರು ಏನು ಕೇಳಬೇಕು? ಭಾಷೆ, ತಂತ್ರ, ರೂಪಕಗಳನ್ನು ಕೇಳುವ ಮೊದಲು ನಾಲ್ಕು ಸಾದಾ ಪ್ರಶ್ನೆ ಕೇಳೋಣ ಎಂಬುದು ನಮ್ಮ ಸಲಹೆ. ಇದರಲ್ಲಿ ಬರುವ ಗೋಡೆ ನಿಲ್ಲುತ್ತದೆಯೇ? ಕಟ್ಟಿದವನಿಗೆ ಒಂದು ಅಭಿಪ್ರಾಯವಿದೆಯೇ, ಮನೆಯೊಡತಿಯ ಜೊತೆ ಅವನು ಒಮ್ಮೆಯಾದರೂ ವಾದ ಮಾಡುತ್ತಾನೆಯೇ? ಅವನ ಹಿಂದೆ ಒಂದು ಮನೆ, ಒಂದು ಒಲೆ ಇದೆಯೇ? ಮಳೆ ನಿಂತು ಆರು ತಿಂಗಳಾದ ಮೇಲೆ ಈ ಬರಹದಲ್ಲಿ ಏನಾದರೂ ನಡೆಯುತ್ತದೆಯೇ? 2018ರ ಕೊಡಗು ಇರಲಿ, 2024ರ ಜುಲೈ 30ರ ವಯನಾಡು ಇರಲಿ, ಮೊದಲ ವಾರದ ಚಿತ್ರಗಳು ನಮ್ಮೆಲ್ಲರ ಕಣ್ಣಲ್ಲಿವೆ. ಆರನೇ ತಿಂಗಳಿನ ಚಿತ್ರ ಯಾರ ಕಣ್ಣಲ್ಲಿದೆ? ಮನೆ ಏಳುವುದು ಆಗ.

ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಆ ಕಥೆಯನ್ನು ತಿದ್ದಿ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇವೆ. ಈಗಿನ ಕರಡಿನಲ್ಲಿ ಗೌಂಡಿ ಮೊದಲ ದಿನ ಗೋಡೆ ಮುಟ್ಟಿ ನೋಡಿ, ಇನ್ನೂ ಹಸಿ ಇದೆ, ಒಂದು ತಿಂಗಳು ಬಿಟ್ಟು ಬರ್ತೀನಿ ಎನ್ನುತ್ತಾನೆ. ವಿಧವೆಗೆ ಸಿಟ್ಟು ಬರುತ್ತದೆ. ಇವನೂ ಎಲ್ಲರ ಹಾಗೆ ಹೇಳಿ ಹೋಗುವವನೇ ಎಂದುಕೊಳ್ಳುತ್ತಾಳೆ. ತಿಂಗಳಾದ ಮೇಲೆ ಅವನು ಬರುತ್ತಾನೆ. ಅವನ ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಾಲ್ಕು ದಿನದ ಜೋಳ, ಎಣ್ಣೆ, ಚಹಾಪುಡಿ ಬರೆದಿದೆ. ಕಥೆ ಇನ್ನೂ ಮುಗಿದಿಲ್ಲ. ಮುಗಿದ ದಿನ ಪತ್ರಿಕೆಗೆ ಕಳಿಸುವ ಮೊದಲು ಕಾಕಾನ ಮಗಳಿಗೆ ಓದಿ ಹೇಳಬೇಕೆಂದಿದ್ದೇವೆ.